ಹಿಂದಿನ ಸೀಟಿನ ಬಿಸಿಗಾಳಿ

ಜಲಾಲುದ್ದೀನ ಗೋಣಿಚೀಲ ಬಿಚ್ಚಿ ಆ ಹೆಡ್ಡನ್ನು ಕಟ್ಟೆಯ ಮೇಲಿಟ್ಟಾಗ ಹುಲ್ಲಪ್ಪನಿಗೆ ಖುಷಿಯೇ ಆಯಿತು. ಎಂಜಿನ್ನಿನ ನೆತ್ತಿಯ ಮೇಲೆ ಕೂಡುವ ಅಲ್ಯುಮಿನಿಯಮ್ಮಿನ ತುಂಡು ಅದು. ಸುತ್ತಲೂ ಬಾಚಣಿಗೆಯ ಹಲ್ಲಿನಂತೆ ತೆಳ್ಳಗಿನ ರೆಕ್ಕೆಗಳು, ರೆಕ್ಕೆಗಳ ಸಂದಿಯಲ್ಲಿ ಯಾವುದೋ ಊರಿನ ಕೆಂಪು ಮಣ್ಣು, ಒಣಗಿದ ಎಣ್ಣೆ, ಒಂದು ಸತ್ತ ಜೇಡ. ಹುನಗುಂದದಲ್ಲಿ ಗುಜರಿ ಅಂಗಡಿ ಇಟ್ಟ ಜಲಾಲುದ್ದೀನ ಇದನ್ನು ಗೋವಾದಿಂದ ತರಿಸಿದ್ದ. ಮೊನ್ನೆಯವರೆಗೆ ಇದೇ ಬೇಕಾಗಿತ್ತು, ಈಗ ಬೇಕಾಗಿಲ್ಲ. ಗಾಡಿ ನಿನ್ನೆ ಸಂಜೆಯೇ ರಿಪೇರಿಯಾಗಿ ಹೋಗಿತ್ತು. “ಹಡದ ಮ್ಯಾಲ ಸೂಲಗಿತ್ತಿ ಬಂದಂಗ ಆತಲ್ಲೋ,” ಅಂದ ಹುಲ್ಲಪ್ಪ. “ಮತ್ತೊಂದು ಹೆರಿಗಿಗೆ ಇಟ್ಗೊ ಲೇ,” ಅಂದ ಜಲಾಲುದ್ದೀನ, “ಬಾಗಲಕೋಟಿಯೊಳಗ ಹಿಂದ ಎಂಜಿನ್ ಇರೂ ಗಾಡಿ ರಿಪೇರಿ ಮಾಡೂ ಮನಶ್ಯಾ ನೀ ಒಬ್ಬನ. ಹುಚ್ಚರೆಲ್ಲಾ ನಿನ್ನ ಕಡೇನ ಬರ್ತಾರ.” ಹುಲ್ಲಪ್ಪ ನಕ್ಕು, ಸೀಮೆಎಣ್ಣೆಯಲ್ಲಿ ಬ್ರಶ್ಶು ಅದ್ದಿ, ಸುಮ್ಮನೆ ಕೈ ಖಾಲಿ ಇರಬಾರದೆಂದು ತಿಕ್ಕತೊಡಗಿದ. ಪುಷ್ಯದ ಬೆಳಗಿನ ಚಳಿಗೆ ಸೀಮೆಎಣ್ಣೆ ಬೆರಳಿನ ಸಂದಿಗಳನ್ನು ಕಚ್ಚುತ್ತಿತ್ತು. ವಿದ್ಯಾಗಿರಿಯ ರಸ್ತೆಯ ಮೇಲೆ ಕಾಲೇಜಿನ ಹುಡುಗಿಯರು ಕಿವಿಗೆ ಸ್ಕಾರ್ಫು ಸುತ್ತಿಕೊಂಡು ಹೋಗುತ್ತಿದ್ದರು. ಮಸಿ ಕರಗಿ ಹನಿಯಾಗಿ ಇಳಿದಂತೆ ಬದಿಯಲ್ಲಿ, ಕೆಳಗಿನ ರೆಕ್ಕೆಯ ಮರೆಯಲ್ಲಿ, ಜೋಳದ ಕಾಳಿನಷ್ಟು ಒಂದು ತೂತು ಕಂಡಿತು.

“ನೋಡಲೇ, ಇದಕ್ಕೂ ಮೂಗಿನ ಹೊಳ್ಳಿ ಐತಿ,” ಅಂದ ಜಲಾಲುದ್ದೀನ. ಹುಲ್ಲಪ್ಪನ ಕೈ ನಿಂತಿತು. ತೂತಿನ ಅಂಚು ಗುಂಡಗಿತ್ತು, ನುಣ್ಣಗಿತ್ತು. ಬಿರುಕು ಬಿಟ್ಟರೆ ಹೀಗೆ ಗುಂಡಗೆ ಬಿಡುವುದಿಲ್ಲ. ಅವನು ಹೆಡ್ಡನ್ನು ತಿರುಗಿಸಿ ಹಿಡಿದ, ಗಾಡಿಯಲ್ಲಿ ಕೂತಾಗ ಯಾವ ಮುಖ ಎತ್ತ ಇರುತ್ತದೋ ಹಾಗೆ. ಅದೇ ಜಾಗ. ನಿನ್ನೆ ರಿಪೇರಿಯಾಗಿ ಹೋದ ಆ ಗಾಡಿಯ ಹೆಡ್ಡಿನಲ್ಲಿಯೂ ಇದೇ ರೆಕ್ಕೆಯ ಕೆಳಗೆ, ಇದೇ ಅಳತೆಯ ತೂತಿತ್ತು. ಒಂದು ಗಾಡಿಯಲ್ಲಿ ಇದ್ದರೆ ಅದು ಕೆಟ್ಟದ್ದು, ಎರಡರಲ್ಲಿಯೂ ಒಂದೇ ಕಡೆ ಇದ್ದರೆ ಯಾರೋ ಬೇಕೆಂದೇ ಕೊರೆದದ್ದು. ಈ ಮಾತು ತಲೆಯಲ್ಲಿ ಬಹಳ ಸಮಾಧಾನದಿಂದ, ಬೇರೆ ಯಾರದೋ ಧ್ವನಿಯಲ್ಲಿ ಹುಟ್ಟಿತು. ಅವನು ಬ್ರಶ್ಶು ಕೆಳಗಿಟ್ಟು ತನ್ನ ಹೆಬ್ಬೆರಳು ನೋಡಿಕೊಂಡ. ಯಾಕೆಂದರೆ ಆ ಇನ್ನೊಂದು ತೂತನ್ನು ಮೊನ್ನೆ ತನ್ನ ಇದೇ ಹೆಬ್ಬೆರಳಿನಿಂದ, ಒಣಗಿದರೆ ಕಲ್ಲಾಗುವ ಅಂಟಿನ ಲಪ್ಪ ನಾದಿ, ಒತ್ತಿ ಒತ್ತಿ ಅವನು ಮುಚ್ಚಿದ್ದ.

ಗಾಡಿ ಪ್ರಭುಲಿಂಗನದು. ಕಾಲೇಜಿನಲ್ಲಿ ಕಲಿಸುವ ಹುಡುಗ, ಇಳಕಲ್ಲಿನ ಕಡೆಯವ, ಹಳೆಯ ವಸ್ತುಗಳ ಹುಚ್ಚು. ಆಡಿನ ಮರಿಯಷ್ಟೇ ಇದ್ದ ಆ ಇಟಲಿಯ ಗಾಡಿಯನ್ನು ಗೋವಾದಿಂದ ಲಾರಿಯಲ್ಲಿ ಹೇರಿ ತಂದಿದ್ದ. ಮುಂದೆ ಡಿಕ್ಕಿ, ಹಿಂದೆ ಎಂಜಿನ್ನು. ನೀರು ಕೇಳದ ಎಂಜಿನ್ನು; ರೇಡಿಯೇಟರ್ ಇಲ್ಲ, ಪೈಪಿಲ್ಲ, ಎರಡೇ ಸಿಲಿಂಡರು. ಒಂದು ಫ್ಯಾನು ಗಾಳಿಯನ್ನು ಎಳೆದು ತಗಡಿನ ಪೆಟ್ಟಿಗೆಯೊಳಗೆ ನೂಕಿ ಮೈಯೆಲ್ಲ ಸವರಿ ತಂಪು ಮಾಡುತ್ತದೆ, ಆ ಗಾಳಿ ಕಾದು ಹೊರಗೆ ಹೋಗುತ್ತದೆ. ಹುಲ್ಲಪ್ಪನಿಗೆ ಅದು ಮೊದಲ ದಿನವೇ ಮನಸ್ಸಿಗೆ ಬಂದಿತ್ತು. ಬೇಸಗೆಯಲ್ಲಿ ಬಾಯಿ ತೆರೆದು ಏದುವ ಕುರಿಯ ಹಾಗೆ ಅದೂ ಗಾಳಿಯಿಂದಲೇ ಬದುಕುವಂಥದ್ದು. ಆದರೆ ಸುಟ್ಟ ಹೊಗೆ ಸೋರದಂತೆ ಹೆಡ್ಡಿನ ಕೆಳಗೆ ಕೂಡಿಸುವ ಗ್ಯಾಸ್ಕೆಟ್ಟು ಸುಟ್ಟುಹೋಗಿತ್ತು. ಅದು ಈ ದೇಶದಲ್ಲಿ ಸಿಗಲಿಲ್ಲ, ಹೇಳಿಕಳಿಸಿದ ಇನ್ನೊಂದು ಹೆಡ್ಡೂ ಬೇಗ ಬರಲಿಲ್ಲ. ಅವನೇ ತಾಮ್ರದ ತಗಡನ್ನು ಕತ್ತರಿಸಿ ಒಂದು ಮಾಡಿದ, ಕೂಡಿಸಿದ, ಗಾಡಿ ಚಾಲೂ ಆಯಿತು, ಓಣಿಯ ಜನ ನಿಂತು ನೋಡಿದರು. ಬಿಳಿ ಅಂಗಿಯ ಪ್ರಭುಲಿಂಗ ಬಗ್ಗಿ ನೋಡುತ್ತ, “ಹುಲ್ಲಪ್ಪ, ಇಲ್ಲೇನೋ ಉಸ್ ಉಸ್ ಅಂತೈತಲ್ರಿ,” ಎಂದು ಬೆರಳಿಟ್ಟ. ಬೆರಳು ಕಪ್ಪಾಯಿತು, ಆ ಕಪ್ಪು ಅಂಗಿಗೆ ತಾಗಿತು. “ಇಷ್ಟೆಲ್ಲಾ ಮಾಡಿ ಕಡೀಕ ಸೋರಾಕತ್ತಿತಲ್ರಿ,” ಅಂದ, ಸಿಟ್ಟಿನಿಂದಲ್ಲ, ಪಾಪ ಅನ್ನುವ ಹಾಗೆ. ಆ ಪಾಪವೇ ಹುಲ್ಲಪ್ಪನಿಗೆ ಚುಚ್ಚಿತು. ಉಸಿರು ಬರುತ್ತಿದೆಯೆಂದರೆ ಗ್ಯಾಸ್ಕೆಟ್ಟು ಸರಿ ಕೂತಿಲ್ಲ, ಇಡೀ ಎಂಜಿನ್ನು ಮತ್ತೆ ಬಿಚ್ಚಬೇಕು, ತಾನು ಮಾಡಿದ ತಾಮ್ರದ ತಗಡು ಕೆಲಸಕ್ಕೆ ಬಾರದ್ದೆಂದು ಓಣಿಯ ಎದುರು ಒಪ್ಪಬೇಕು. “ಹಳೇ ಹೆಡ್ರಿ, ಸಣ್ಣ ಬಿರುಕು ಬಿಟ್ಟೈತಿ, ಮುಚ್ಚಿಬಿಡ್ತೇನಿ,” ಅಂದುಬಿಟ್ಟಿದ್ದ. ಮುಚ್ಚಿದ ಮೇಲೆ ಆ ಜಾಗ ಎಷ್ಟು ಚಂದ ಕಂಡಿತ್ತೆಂದರೆ ಅವನು ಅದರ ಮೇಲೆ ಬಣ್ಣವನ್ನೂ ಹಚ್ಚಿದ್ದ.

ಈಗ ಅರ್ಥವಾಗುತ್ತಿತ್ತು. ಸುಟ್ಟ ಹೊಗೆ ಸೋರಿದರೆ ಹೊರಗೆ ಹೋಗಲಿ ಎಂದು ಯಾರೋ ಆ ಹೊಳ್ಳೆ ಇಟ್ಟಿದ್ದರು. ಹೊಳ್ಳೆ ಮುಚ್ಚಿದರೆ ಹೊಗೆ ಎಲ್ಲಿಗೆ ಹೋಗಬೇಕು. ತಗಡಿನ ಪೆಟ್ಟಿಗೆಯೊಳಗೆ, ಫ್ಯಾನಿನ ಗಾಳಿಗೆ. ಆ ಗಾಳಿಯಿಂದ ಒಂದು ಕೊಳವೆ ಗಾಡಿಯ ಹೊಟ್ಟೆಯ ಕೆಳಗೆ ಹಾದು ಒಳಗೆ ಹೋಗುತ್ತದೆ. ಹಿಂದಿನ ಸೀಟಿನ ಬುಡದಲ್ಲಿ ಒಂದು ಸಣ್ಣ ಹಿಡಿಕೆ. ನಿನ್ನೆ ಪ್ರಭುಲಿಂಗ ಅದನ್ನು ತೋರಿಸಿ, “ಇದೇನ್ರಿ?” ಎಂದು ಕೇಳಿದ್ದ. “ಬಿಸಿಗಾಳಿದ್ರಿ. ಬರ್ಫ ಬೀಳೂ ದೇಶದಾಗ ಕಾಲ ಕಾಸ್ಕೊಳ್ಳಾಕ. ನಮಗೇನ ಉಪಯೋಗ,” ಎಂದು ಹೇಳಿದವನು ಅಲ್ಲಿಗೆ ಸುಮ್ಮನಿರಬಹುದಿತ್ತು. ಆ ಹುಡುಗನ ಮುಖದಲ್ಲಿ ತನ್ನ ಬಗ್ಗೆ ಮತ್ತೆ ಹುಟ್ಟಿದ ಭರವಸೆ ನೋಡಿ ನಾಲಿಗೆ ತಡೆಯಲಿಲ್ಲ. “ಬಾಣಂತಿಗಾದ್ರ ಆದೀತ ನೋಡ್ರಿ, ಕುಳ್ಳಿನ ಕೆಂಡದ ಮುಂದ ಕುಂತಂಗ,” ಅಂದಿದ್ದ. ಪ್ರಭುಲಿಂಗ ಹಿಗ್ಗಿ ಹೋಗಿದ್ದ. ಇವತ್ತು ಬೆಳಿಗ್ಗೆ ಅವನು ಬೇವೂರಿಗೆ ಹೋಗಿ, ತವರಲ್ಲಿ ಹಡೆದು ಮಲಗಿದ್ದ ಹೆಂಡತಿ ಭಾಗ್ಯಾಳನ್ನೂ ಮೂರು ತಿಂಗಳ ಕೂಸನ್ನೂ ಅದೇ ಗಾಡಿಯಲ್ಲಿ ಇಳಕಲ್ಲಿಗೆ ಕರೆದುಕೊಂಡು ಹೋಗುವವನಿದ್ದ. ಭಾಗ್ಯಾಳ ತಾಯಿ ಸುಂದರವ್ವ ಜೋಡಿ ಹೋಗುವವಳು. ಬಾಣಂತಿಗೆ ಗಾಳಿ ತಾಗಬಾರದು. ಕಿಟಕಿ ಮುಚ್ಚುತ್ತಾರೆ. ಮುಂದಿನ ಸೀಟಿಗೂ ಹಿಂದಿನ ಸೀಟಿಗೂ ನಡುವೆ ಸೀರೆ ಕಟ್ಟುತ್ತಾರೆ. ಹಿಡಿಕೆ ತಿರುಗಿಸುತ್ತಾರೆ.

ಫೋನು ತೆಗೆದ. ಪ್ರಭುಲಿಂಗನ ಹೆಸರು ಒತ್ತಿದ. ಒಂದು ಸಲ ರಿಂಗಾಯಿತು, ಹುಲ್ಲಪ್ಪ ಕಟ್ ಮಾಡಿದ. ಏನು ಹೇಳುವುದು. ಗಾಡಿ ನಿಲ್ಲಿಸ್ರಿ ಅಂದರೆ ಯಾಕ್ರಿ ಅನ್ನುತ್ತಾನೆ. ಎರಡು ಮಾತು ಹೊಂದಿಸಿಕೊಂಡು ಮತ್ತೆ ಒತ್ತಿದ. ಈ ಸಲ ರಿಂಗಾಗುತ್ತಲೇ ಹೋಯಿತು, ಕೊನೆಗೆ ಹೆಣ್ಣು ಧ್ವನಿಯೊಂದು ಚಂದಾದಾರರು ಉತ್ತರಿಸುತ್ತಿಲ್ಲ ಎಂದಿತು. ಮತ್ತೆ ಮಾಡಿದ, ಮತ್ತೆ ಅದೇ ಹೆಣ್ಣು. ಆ ಎಂಜಿನ್ನಿನ ಗದ್ದಲದಲ್ಲಿ ಕೇಳಿಸುವುದಿಲ್ಲ. ಅಥವಾ ಮೊದಲನೆಯ ರಿಂಗಿಗೆ ಅವನು ಕೈ ಹಾಕಿದ್ದನೇನೋ, ಕಟ್ಟಾಯಿತೆಂದು ಫೋನು ಆಚೆ ಇಟ್ಟನೇನೋ. ಆ ಒಂದು ರಿಂಗು ಹುಲ್ಲಪ್ಪನ ಕಿವಿಯಲ್ಲಿ ಉಳಿಯಿತು. “ಯಾಕಲೇ, ಮಾರಿ ಬೂದಿ ಆಗೈತಿ?” ಅಂದ ಜಲಾಲುದ್ದೀನ. ಹುಲ್ಲಪ್ಪ ಮೋಟರ್ ಸೈಕಲ್ಲಿನ ಕೀಲಿ ಹುಡುಕುತ್ತಿದ್ದಾಗ ಒಳಗಿನಿಂದ ಚಹಾ ಹಿಡಿದು ಬಂದ ಹೆಂಡತಿ ಸತ್ಯವ್ವ ಎದುರಾದಳು. “ಎಲ್ಲಿಗಿ ಹೊಂಟ್ರಿ?” “ಇಳಕಲ್ಲ ದಾರಿಗೆ, ಅಮೀನಗಡದ ಕಡೆ.” “ಹೊಂಟೀರಂದ್ರ ಬರೂ ಮುಂದ ಕರದಂಟ ತಗೊಂಡ ಬರ್ರಿ, ಬೀಗರ ಮನಿಗಿ ಒಯ್ಯೂದೈತಿ.” ಹೂಂ ಅಂದ. ತಾನು ಹೂಂ ಅಂದದ್ದು ರಸ್ತೆಗೆ ಬಂದ ಮೇಲೂ ಅವನಿಗೆ ಆಶ್ಚರ್ಯವಾಗುತ್ತಿತ್ತು, ಕರದಂಟು ನೆನಪಿಡುವ ಜಾಗ ಇನ್ನೂ ತಲೆಯಲ್ಲಿದೆಯೇ ಎಂದು.

ಚಳಿಗಾಳಿ ಕಣ್ಣಲ್ಲಿ ನೀರು ತರಿಸಿತು. ಎರಡೂ ಕಡೆ ಕಡಲೆಯ ಹೊಲ, ಬಿಳಿಜೋಳದ ಹೊಲ, ತೆನೆಯ ಮೇಲೆ ಇನ್ನೂ ಇಬ್ಬನಿ. ಹೀಗೆಯೇ ಚಳಿ ಇತ್ತು ಆವತ್ತೂ. ಬಾದಾಮಿಯ ಕೆಂಪುಗುಡ್ಡದ ಆಚೆ, ಬೀರಪ್ಪನ ಗುಡಿಯ ಹಿಂದಿನ ಬಯಲಿನಲ್ಲಿ ಅಪ್ಪ ಹಟ್ಟಿ ಹಾಕಿದ್ದ. ಹೊಸದಾಗಿ ಹುಟ್ಟಿದ ಮರಿಗಳು ನಡುಗುತ್ತಿದ್ದವು. ಅಪ್ಪ ಅವನ್ನು ಕಲ್ಲಿನ ಗುಡಿಸಿಲೊಳಗೆ ಹಾಕಿ, ನಡುವೆ ಕಬ್ಬಿಣದ ಬುಟ್ಟಿಯಲ್ಲಿ ಸಗಣಿ ಕುಳ್ಳಿನ ಕೆಂಡ ಇಟ್ಟು, ಗಾಳಿ ಬಡಿಯಬಾರದೆಂದು ಬಾಗಿಲಿಗೆ ಕಂಬಳಿ ಬಿಟ್ಟು ಸುತ್ತಲೂ ಮಣ್ಣು ಮೆತ್ತಿದ. ಎಷ್ಟು ಪ್ರೀತಿಯಿಂದ ಮೆತ್ತಿದ ಎಂಬುದು ಹುಲ್ಲಪ್ಪನಿಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ, ಹೆಬ್ಬೆರಳಿನಿಂದ ಒತ್ತಿ ಒತ್ತಿ. ಬೆಳಿಗ್ಗೆ ಕಂಬಳಿ ತೆಗೆದಾಗ ಮರಿಗಳು ಒಂದರ ಮೇಲೊಂದು ಒರಗಿ ಮಲಗಿದ್ದವು, ಬೆಚ್ಚಗಿದ್ದವು, ಬಾಯೊಳಗೆ ನಾಲಿಗೆ ಚೆರ್ರಿಹಣ್ಣಿನ ಹಾಗೆ ಕೆಂಪಾಗಿತ್ತು. ಒಂದೂ ಏಳಲಿಲ್ಲ. ಬಾಗಿಲಿನ ಹತ್ತಿರ ಇದ್ದ ಒಂದನ್ನು ಮಾತ್ರ ಅಪ್ಪ ಬಯಲಿಗೆ ಎಳೆದುಕೊಂಡು ಬಂದು, ಉಲ್ಟಾ ಹಿಡಿದು, ಮೂಗಿನ ಹೊಳ್ಳೆಗೆ ಬಾಯಿಟ್ಟು ಊದಿದ. ಅದು ಕೆಮ್ಮಿತು. ಕೇಳಿದವರಿಗೆಲ್ಲ ಅಪ್ಪ ತಂಡಿಗೆ ಸತ್ತವು ಎಂದೇ ಹೇಳಿದ. ಸಾಯುವವರೆಗೂ ಹಾಗೆಯೇ ಹೇಳಿದ. ಸುಳ್ಳೆಂದು ಹುಲ್ಲಪ್ಪನಿಗೆ ಗೊತ್ತಿತ್ತು, ಅವನಿಗೆ ಗೊತ್ತಿದೆಯೆಂದು ಅಪ್ಪನಿಗೂ ಗೊತ್ತಿತ್ತು, ಆಮೇಲೆ ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೇರ ನೋಡಿದ್ದೇ ಕಡಿಮೆ.

ಬಾಣಂತಿಯ ಕೋಣೆಯಲ್ಲಿ ಹೊಗೆ ಇದ್ದೇ ಇರುತ್ತದೆ, ಎಂದು ಯೋಚಿಸಿದ. ಲೋಬಾನದ ಹೊಗೆ, ಅಜವಾನದ ಹೊಗೆ. ಸುಂದರವ್ವ ಮಗಳ ಕೂದಲಿಗೆ, ಕೂಸಿನ ಕುಲಾವಿಗೆ ಹೊಗೆ ಹಾಕಿಯೇ ಹೊರಟಿರುತ್ತಾಳೆ. ಗಾಡಿಯೊಳಗೆ ಸುಟ್ಟ ವಾಸನೆ ಬಂದರೂ ಯಾರಿಗೂ ಅದು ಬೇರೆ ಅನ್ನಿಸುವುದಿಲ್ಲ. ಬೀರಪ್ಪನಿಗೆ ಬೇಡಿಕೊಳ್ಳೋಣವೆಂದರೆ ಏನೆಂದು ಬೇಡುವುದು. ನಾ ಮುಚ್ಚಿದ್ದು ಉದುರಿ ಬೀಳಲಿ ಅಂತ. ನನ್ನ ಕೈಗುಣ ಇದೊಂದು ಸಲ ಕೆಟ್ಟದ್ದಿರಲಿ ಅಂತ. ಹಳೆಯ ಬಾಗಲಕೋಟೆಯ ಓಣಿಯಲ್ಲಿ, ಆಮೇಲೆ ಹಿನ್ನೀರಿನಲ್ಲಿ ಮುಳುಗಿದ ಆ ಮೊದಲ ಗ್ಯಾರೇಜಿನಲ್ಲಿ ಕುಳಿತಾಗಿನಿಂದಲೂ ಜನ ಅವನ ಬಗ್ಗೆ ಹೇಳುತ್ತಿದ್ದದ್ದು ಒಂದೇ ಮಾತು, ಹುಲ್ಲಪ್ಪ ಮುಚ್ಚಿದ್ದು ಸೋರೂದಿಲ್ಲ. ಆ ಮಾತು ಈಗ ಬೆನ್ನ ಹಿಂದೆ ಕೂತು ಅವನ ಜೋಡಿಯೇ ಬರುತ್ತಿತ್ತು.

ಕಮತಗಿ ದಾಟಿದ ಮೇಲೆ ಕುರಿಯ ಹಿಂಡು ಅಡ್ಡ ಬಂತು. ರಸ್ತೆಯ ತುಂಬ ಬೂದುಬಣ್ಣದ ಬೆನ್ನುಗಳು. ಹಾರ್ನು ಒತ್ತಿದ. ಕುರಿಗಳು ಹಾರ್ನಿಗೆ ಸರಿಯುವುದಿಲ್ಲ, ಅವನಿಗೆ ಗೊತ್ತಿಲ್ಲದ್ದೇನಲ್ಲ. ಕಂಬಳಿ ಹೊದ್ದ ಮುದುಕ ಅವನನ್ನೇ ನೋಡಿ, “ಯಾಕೋ ತಮ್ಮಾ, ಕದ್ದ ಗಂಟ ಹೊತ್ಗೊಂಡಂಗ ಓಡಾಕತ್ತಿ?” ಅಂದ. ಮುದುಕನ ಹೆಗಲ ಜೋಳಿಗೆಯಲ್ಲಿ ಒಂದು ಮರಿ, ಬರೀ ಮುಖ ಹೊರಗೆ. “ಇಲ್ಲೆ ಒಂದು ಸಣ್ಣ ಗಾಡಿ ಹೋತೇನ್ರಿ, ಕೆನಿಬಣ್ಣದ್ದು?” “ಆಟಗಿ ಗಾಡಿ? ಹೋತು. ಡುಬುಡುಬು ಅಂತ ಹೋತು. ಕಿಡಕಿ ಎಲ್ಲಾ ಹಾಕ್ಕೊಂಡಿದ್ರು. ಒಳಗ ಯಾರ ಅದಾರೋ ಅನಕೊಂಡೆ, ಮದುಮಗಳಿರಬೇಕು.” ಕುರಿಗಳು ಇನ್ನೂ ದಾಟುತ್ತಿದ್ದವು, ಒಂದರ ಬಾಲದ ಹಿಂದೆ ಇನ್ನೊಂದರ ಮೂಗು. ಹುಲ್ಲಪ್ಪನಿಗೆ ಮರಿಯ ಮೂಗಿನ ಹೊಳ್ಳೆಗಳು ಅರಳಿ ಮುಚ್ಚುವುದು ಕಾಣಿಸುತ್ತಿತ್ತು, ಬೇರೆ ಏನೂ ಕಾಣಿಸುತ್ತಿರಲಿಲ್ಲ. ತಿರುಗಿ ಹೋಗಿಬಿಡಬಹುದು. ಈ ವಿಚಾರ ಬಂದೇ ಬಂತು. ಯಾರಿಗೂ ಗೊತ್ತಾಗುವುದಿಲ್ಲ. ಎಂಜಿನ್ನು ಬಿಚ್ಚಿ ನೋಡುವವರು ಈ ಜಿಲ್ಲೆಯಲ್ಲಿ ಯಾರಿದ್ದಾರೆ. ತಂಡಿಗೆ, ಅನ್ನುತ್ತಾರೆ. ಕೂಸಿಗೆ ತಂಡಿ ಆಗಿತ್ತು, ದೃಷ್ಟಿ ಆಗಿತ್ತು ಅನ್ನುತ್ತಾರೆ. ಆ ವಿಚಾರದ ಸಲೀಸುತನಕ್ಕೆ ಅವನು ಎಷ್ಟು ಹೆದರಿದನೆಂದರೆ ಹಿಂಡಿನ ನಡುವೆಯೇ ಗಾಡಿ ನುಗ್ಗಿಸಿದ. ಮುದುಕ ಹಿಂದಿನಿಂದ ಅವನ ತಾಯಿಯನ್ನು ನೆನೆದು ಬೈದ.

ಅಮೀನಗಡದಲ್ಲಿ, ಕರದಂಟಿನ ಅಂಗಡಿಗಳ ಸಾಲಿನ ಮುಂದೆ, ಅದು ನಿಂತಿತ್ತು. ನಿಂತಲ್ಲೇ ಸಣ್ಣಗೆ ನಡುಗುತ್ತಿತ್ತು. ಎಂಜಿನ್ನು ಚಾಲೂ ಇತ್ತು. ಬಿಸಿ ಇದ್ದಾಗ ಬಂದ್ ಮಾಡಬ್ಯಾಡ್ರಿ, ಲಗೂನ ಚಾಲೂ ಆಗೂದಿಲ್ಲ ಎಂದು ತಾನೇ ಹೇಳಿಕೊಟ್ಟಿದ್ದ. ಓಡುವಾಗ ಮುಂದಿನ ಸಂದಿಯಿಂದಲಾದರೂ ಒಂದಿಷ್ಟು ಗಾಳಿ ಬಂದಿರಬೇಕು, ನಿಂತ ಮೇಲೆ ಅದೂ ಇಲ್ಲ. ಗಾಜಿನ ಒಳಗೆ ಮಂಜು. ಮಂಜಿನ ಆಚೆ ಇಳಕಲ್ಲ ಸೀರೆಯ ಕೆಂಪು ಸೆರಗು. ಅಂಗಡಿಯ ಕಟ್ಟೆಯ ಮೇಲೆ ಪ್ರಭುಲಿಂಗ, ಕೈಯಲ್ಲಿ ಡಬ್ಬಿ, ಹಣೆ ತಿಕ್ಕಿಕೊಳ್ಳುತ್ತಿದ್ದವನು ಇವನನ್ನು ಕಂಡು ನಕ್ಕ. “ಅರೆ, ಹುಲ್ಲಪ್ಪ, ನೀವಿಲ್ಲೆ? ನಿಮ್ಮ ಬಿಸಿಗಾಳಿ ಭಾಳ ಚಲೋ ಬಂತ್ರಿ. ನಮ್ಮ ಅತ್ತಿ ನಿಮ್ಮನ್ನ ಹೊಗಳಿದ್ದಽ ಹೊಗಳಿದ್ದು. ಬೇವೂರಿಂದ ಇಲ್ಲೀತನ ಕೂಸು ಒಂದ ಸಲ ಅತ್ತಿಲ್ಲ ನೋಡ್ರಿ. ಎಲ್ಲಾರೂ ನಿದ್ದಿ ಮಾಡಾಕತ್ತಾರ.”

ಬಾಗಿಲು ತೆರೆದದ್ದು, ಕೀಲಿ ತಿರುಗಿಸಿದ್ದು, ಸೀರೆ ಹರಿದದ್ದು ಯಾವುದೂ ಅವನಿಗೆ ಆಮೇಲೆ ಸರಿಯಾಗಿ ನೆನಪಾಗಲಿಲ್ಲ. ಎಂಜಿನ್ನು ನಿಂತ ಮೇಲಿನ ನಿಶ್ಶಬ್ದ ನೆನಪಾಯಿತು. ಒಳಗಿನಿಂದ ಬಂದ ಬೆಚ್ಚಗಿನ ಗಾಳಿ, ಲೋಬಾನದ ಪರಿಮಳ, ಅದರ ಕೆಳಗೆ ಸುಟ್ಟ ಎಣ್ಣೆಯ ಇನ್ನೊಂದು ವಾಸನೆ. ಸುಂದರವ್ವ ಗಾಜಿಗೆ ತಲೆ ಕೊಟ್ಟು ಬಾಯಿ ತೆರೆದು ಒರಗಿದ್ದಳು. ಭಾಗ್ಯಾಳ ಕಣ್ಣು ಅರ್ಧ ತೆರೆದಿದ್ದವು, ಅವಳು ಇವನನ್ನು ನೋಡಿದಳು, ತುಟಿ ಅಲುಗಿದವು, “ತಲಿ” ಅನ್ನುವಷ್ಟು ಬಂತು. ಅವಳ ಎದೆಯ ಮೇಲಿನ ಗಂಟಿನೊಳಗಿಂದ ಅವನು ಕೂಸನ್ನು ಎಳೆದುಕೊಂಡ. ಮುಖ ಕೆಂಪಗೆ, ತುಟಿ ಕೆಂಪಗೆ, ಬಣ್ಣ ಎಷ್ಟು ಚಂದವಿತ್ತು. ಆ ಮರಿಗಳ ನಾಲಿಗೆಯ ಬಣ್ಣವೇ. “ಏ, ಯಾರಲೇ ಅಂವ, ಕೂಸಿಗೆ ಎಣ್ಣಿ ಕೈ ಹಚ್ಚಾಂವ,” ಎಂದು ಯಾರೋ ಕೂಗಿದರು. “ಹುಲ್ಲಪ್ಪ, ಏನ್ ಮಾಡಾಕತ್ತೀರಿ,” ಅಂದ ಪ್ರಭುಲಿಂಗ. ಹುಲ್ಲಪ್ಪ ಕುಲಾವಿ ಕಿತ್ತೊಗೆದ, ಸುತ್ತಿದ ಬಟ್ಟೆ ಬಿಚ್ಚಿದ, ನಡುರಸ್ತೆಯ ಚಳಿಯಲ್ಲಿ ಬರೀ ಮೈಯ ಕೂಸನ್ನು ಗಾಳಿಗೆ ಹಿಡಿದ. ಅಂಗಾಲಿಗೆ ಬೆರಳಿನಿಂದ ಹೊಡೆದ. ಬೆನ್ನು ತಿಕ್ಕಿದ. ಏನೂ ಇಲ್ಲ. ಕೂಸಿನ ತಲೆ ಅಂಗೈಯಲ್ಲಿ ಒಂದು ಕಡೆ ಹೊರಳಿತು. ಆಗ ಅಪ್ಪನ ಬೆನ್ನು ಕಾಣಿಸಿತು, ಬಯಲಿನಲ್ಲಿ ಬಗ್ಗಿದ ಬೆನ್ನು. ಹುಲ್ಲಪ್ಪ ಬಗ್ಗಿ ಆ ಸಣ್ಣ ಬಾಯಿಗೂ ಮೂಗಿಗೂ ಕೂಡಿಯೇ ತನ್ನ ಬಾಯಿ ಇಟ್ಟು, ದೀಪ ಆರಬಾರದೆನ್ನುವ ಹಾಗೆ, ಮೆಲ್ಲಗೆ ಊದಿದ. ಮತ್ತೆ ಊದಿದ. ಸೀಮೆಎಣ್ಣೆಯ ರುಚಿ, ಹಾಲಿನ ರುಚಿ. ಮತ್ತೆ ಊದಿದ.

ಕೂಸು ಕೆಮ್ಮಿತು. ಮುಖ ಮುದುಡಿತು. ಮೊದಲು ಬಂದದ್ದು ಅಳುವೇ ಅಲ್ಲ, ಮರಿಯೊಂದು ದೂರದಲ್ಲಿ ಅರಚಿದ ಹಾಗೆ ಒಂದು ಎಳೆ. ಆಮೇಲೆ ಅಳು ಬಂತು, ಬಾಯಿ ತುಂಬ.

ಜನ ಭಾಗ್ಯಾಳನ್ನೂ ಸುಂದರವ್ವನನ್ನೂ ಹೊರಗೆ ತಂದು ಅಂಗಡಿಯ ಕಟ್ಟೆಗೆ ಒರಗಿಸಿದರು. ಭಾಗ್ಯಾ ವಾಂತಿ ಮಾಡಿಕೊಂಡಳು. ಸುಂದರವ್ವ ಕಣ್ಣು ತೆರೆದು ಸುತ್ತ ನೋಡಿ ಆಡಿದ ಮೊದಲ ಮಾತು, “ಕೂಸಿಗೆ ಗಾಳಿ ಬಡೀತೈತಿ, ಟೊಪಗಿ ಹಾಕ್ರಿ.” ಯಾರೋ ನಕ್ಕರು, ಯಾರೋ ದವಾಖಾನಿಗೆ ಒಯ್ಯಲು ಜೀಪು ತರಲು ಓಡಿದರು. ಅಂಗಡಿಯವನು ತನ್ನ ಶಾಲು ಕೊಟ್ಟ. ಪ್ರಭುಲಿಂಗ ನೆಲಕ್ಕೆ ಕುಸಿದು ಕೂತಿದ್ದ, ಕರದಂಟಿನ ಡಬ್ಬಿ ಇನ್ನೂ ಕೈಯಲ್ಲಿಯೇ ಇತ್ತು. “ಗೊತ್ತಽ ಆಗಲಿಲ್ರಿ,” ಅನ್ನುತ್ತಿದ್ದ, “ನಿದ್ದಿ ಅನಕೊಂಡೆ. ನಿದ್ದಿ ಅನಕೊಂಡು ಕರದಂಟ ತಗೊಳ್ಳಾಕ ನಿಂತೆ.” ಸುಂದರವ್ವ ತೂರಾಡುತ್ತ ಎದ್ದು ಬಂದು ಹುಲ್ಲಪ್ಪನ ಕೈ ಹಿಡಿದುಕೊಂಡಳು. “ನಿನ್ನನ್ನ ಆ ಬೀರಪ್ಪನಽ ಕಳಿಸ್ಯಾನೋ ಯಪ್ಪಾ. ಹಳೇ ಗಾಡಿ, ಏನ ಆಗಿತ್ತೋ, ಯಾರಿಗಿ ಗೊತ್ತು. ನೀ ಹೆಂಗ ಬಂದಿ?” ಸುತ್ತ ನಿಂತವರು ಅವನನ್ನು ನೋಡುತ್ತಿದ್ದರು, ಈಗ ಬೇರೆ ಕಣ್ಣಿನಿಂದ. ದಾರಿ ಬಿಟ್ಟು ನಿಂತಿದ್ದರು. ಯಾರೋ ಅವನಿಗೆ ನೀರು ಕೊಟ್ಟರು. ಹಳೇ ಗಾಡಿ, ಏನ ಆಗಿತ್ತೋ. ತಂಡಿಗೆ ಸತ್ತವು. ಎಷ್ಟು ಮೆತ್ತಗಿನ ಮಾತುಗಳು, ಕಂಬಳಿಯ ಹಾಗೆ ಹೊದ್ದುಕೊಂಡು ಜೀವಮಾನವೆಲ್ಲ ಮಲಗಬಹುದು.

ಅವನು ಕೈ ಬಿಡಿಸಿಕೊಂಡು ಗಾಡಿಯ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು ಮುಚ್ಚಳ ಎತ್ತಿದ. ಎಂಜಿನ್ನು ಇನ್ನೂ ಕಾದಿತ್ತು, ಆರುತ್ತ ಟಿಣ್ ಟಿಣ್ ಅನ್ನುತ್ತಿತ್ತು. ಬಣ್ಣ ಹಚ್ಚಿದ ಲಪ್ಪ ಹಚ್ಚಿದಲ್ಲೇ ಇತ್ತು, ಒಂದು ಕೂದಲೆಳೆಯಷ್ಟೂ ಬಿರಿದಿರಲಿಲ್ಲ. ಸ್ಕ್ರೂಡ್ರೈವರು ಹಚ್ಚಿ ಮೀಟಿದ. ಬರಲಿಲ್ಲ. ಕಲ್ಲು ತೆಗೆದುಕೊಂಡು ಬಡಿದ. ರೆಕ್ಕೆಗೆ ಕೈ ತಾಗಿ ಸುಟ್ಟಿತು, ತೆಗೆಯಲಿಲ್ಲ. ಕೊನೆಗೆ ಅದು ಹಲ್ಲಿನ ಹಾಗೆ ಕಿತ್ತು ಅಂಗೈಗೆ ಬಿತ್ತು, ಒಂದು ಬದಿಗೆ ತೂತಿನ ಗುಂಡನೆಯ ಅಚ್ಚು, ಇನ್ನೊಂದು ಬದಿಗೆ ಅವನ ಹೆಬ್ಬೆರಳಿನ ಗೆರೆಗಳು. ಅದನ್ನು ಹಿಡಿದುಕೊಂಡು ಪ್ರಭುಲಿಂಗನ ಮುಂದೆ ಬಂದು ನಿಂತ. “ಇದನ್ನ ಮುಚ್ಚಿದಾಂವ ನಾನ್ರಿ,” ಅಂದ.

ಕೂಸಿನ ಅಳುವಿನಲ್ಲಿ ಯಾರಿಗೂ ಕೇಳಿಸಲಿಲ್ಲ. “ಏನಂದ್ರಿ?” ಎಂದು ಪ್ರಭುಲಿಂಗ ತಲೆಯೆತ್ತಿದ, ಕಣ್ಣು ತುಂಬಿದ್ದವು, ಆ ಕಣ್ಣುಗಳಲ್ಲಿ ಕೃತಜ್ಞತೆಯಲ್ಲದೆ ಇನ್ನೇನೂ ಇರಲಿಲ್ಲ. ಒಂದು ಸಲ ಹೇಳುವುದಕ್ಕೆ ಕೂಡಿಸಿಕೊಂಡ ಧೈರ್ಯ ಮುಗಿದುಹೋಗಿತ್ತು. ಜೀಪು ಬರುತ್ತಿತ್ತು. ಕೂಸು ಅಳುತ್ತಲೇ ಇತ್ತು. ಅದು ಅಳುತ್ತಿರಲಿ, ನಿಲ್ಲದಿರಲಿ ಎಂದು ಹುಲ್ಲಪ್ಪ ಬೇಡಿಕೊಂಡ, ಅದರ ಜೀವಕ್ಕಾಗಿ ಎಷ್ಟೋ ತನಗಾಗಿಯೂ ಅಷ್ಟೇ. ಆಗ ಕೂಸು ಉಸಿರು ತೆಗೆದುಕೊಳ್ಳಲು ನಿಂತಿತು. ಬಾಯಿ ತೆರೆದೇ ಇತ್ತು, ಎದೆ ಮೇಲೆ ಏರುತ್ತಿತ್ತು, ಇಡೀ ಅಮೀನಗಡ ಸುಮ್ಮನಾದಂತಾಯಿತು. ಹುಲ್ಲಪ್ಪ ಅಂಗೈ ತೆರೆದು ಮುಂದೆ ಹಿಡಿದು, ಎಲ್ಲರಿಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳಿದ.